ಮರಗಟ್ಟಿಸುವ ಚುಚ್ಚುಮದ್ದಿಗೆ ಯಾವ ಸಿರಿಂಜ್, ಯಾವ ಸೂಜಿ?

ಪ್ರಶ್ನೆ: ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವ ದಾರಿಯಲ್ಲಿ ಸಣ್ಣದೊಂದು ಕ್ಲಿನಿಕ್ ತೆರೆದು ಎಂಟು ತಿಂಗಳಾಯಿತು. ಕತ್ತಿ ತಾಗಿದ ಗಾಯ, ಕುರು, ಉಗುರುಸುತ್ತು, ಕಾಲಿಗೆ ಹೊಕ್ಕ ಮುಳ್ಳು, ಇಂಥವೇ ಹೆಚ್ಚು. ಹೊಲಿಗೆಗಿಂತ ಮೊದಲು ಕೊಡುವ ಮರಗಟ್ಟಿಸುವ ಇಂಜೆಕ್ಷನ್ನೇ ಹೆಚ್ಚು ನೋಯುತ್ತದೆಂದು ಬಂದವರೆಲ್ಲ ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ 2 ಮಿ.ಲೀ. ಸಿರಿಂಜನ್ನು ಅದರ ಜೊತೆಗೇ ಬರುವ 24 ಗೇಜ್ (ದಪ್ಪದ ಅಳತೆ) ಸೂಜಿಯೊಂದಿಗೆ ಬಳಸುತ್ತಿದ್ದೇನೆ. ಹಿರಿಯ ವೈದ್ಯರೊಬ್ಬರು ಎಲ್ಲದಕ್ಕೂ ಇನ್ಸುಲಿನ್ ಸಿರಿಂಜ್ ಸಾಕೆನ್ನುತ್ತಾರೆ, ದಂತವೈದ್ಯನಾದ ಗೆಳೆಯ ಕಾರ್ಟ್ರಿಜ್ ಸಿರಿಂಜ್ ಕೊಳ್ಳಲು ಹೇಳುತ್ತಾನೆ. ನಾನು ಏನನ್ನು ತರಿಸಿಡಬೇಕು? ಪೆರ್ಲದಲ್ಲಿ ವೈದ್ಯರಾಗಿದ್ದ ನನ್ನ ದೊಡ್ಡಪ್ಪನ ಗಾಜಿನ ಸಿರಿಂಜ್‌ಗಳು ಮನೆಯಲ್ಲಿವೆ, ಅವು ಉಪಯೋಗಕ್ಕೆ ಬರುತ್ತವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ವಯಲಿನಿಂದ, ಅಂದರೆ ರಬ್ಬರ್ ಮುಚ್ಚಳದ ಔಷಧಿ ಸೀಸೆಯಿಂದ, ಮರಗಟ್ಟಿಸುವ ಔಷಧಿಯಾದ ಲಿಗ್ನೊಕೇನ್ ಎಳೆದ ಸೂಜಿಯಿಂದಲೇ ರೋಗಿಗೂ ಚುಚ್ಚುತ್ತೀರೋ ಅಥವಾ ನಡುವೆ ಸೂಜಿ ಬದಲಿಸುತ್ತೀರೋ ಎಂದು ನೀವು ಬರೆದಿಲ್ಲ. ಸಿರಿಂಜಿನ ಜೊತೆ ಒಂದೇ ಸೂಜಿ ಬರುವುದರಿಂದ ಬದಲಿಸುತ್ತಿಲ್ಲವೆಂದೇ ಭಾವಿಸಿ ಅಲ್ಲಿಂದಲೇ ತೊಡಗುತ್ತೇನೆ, ಏಕೆಂದರೆ ನಿಮ್ಮ ರೋಗಿಗಳು ಹೇಳುವ ನೋವಿನ ದೊಡ್ಡ ಪಾಲು ಅಲ್ಲಿಯೇ ಇರಬಹುದು. ಸೂಜಿಯ ಮೊನೆಯನ್ನು ಕಾರ್ಖಾನೆಯಲ್ಲಿ ಮೂರು ಮುಖವಾಗಿ ಅರೆದು, ಮೇಲೆ ಸಿಲಿಕೋನಿನ ತೆಳು ಲೇಪ ಕೊಟ್ಟಿರುತ್ತಾರೆ. ಆ ಮೊನೆ ವಯಲಿನ ರಬ್ಬರ್ ಮುಚ್ಚಳವನ್ನು ಒಮ್ಮೆ ತೂರಿದರೆ ಲೇಪದ ಒಂದಷ್ಟು ರಬ್ಬರಿಗೆ ಒರೆಸಿಹೋಗುತ್ತದೆ. ಎಳೆದು ಮುಗಿಸುವ ಅವಸರದಲ್ಲಿ ಮೊನೆ ವಯಲಿನ ಗಾಜಿಗೆ ತಾಗಿದರಂತೂ ತುದಿ ಕೊಕ್ಕೆಯಾಗಿ ಬಾಗುತ್ತದೆ. ಅನುಮಾನವಿದ್ದರೆ ಹಾಗೆ ಬಳಸಿದ ಸೂಜಿಯ ಮೊನೆಯನ್ನು ಒಣ ಹತ್ತಿಯ ಉಂಡೆಯ ಮೇಲೆ ಮೆಲ್ಲಗೆ ಎಳೆದು ನೋಡಿ, ಹತ್ತಿಯ ಎಳೆ ಸಿಕ್ಕಿಕೊಂಡು ಬರುತ್ತದೆ. ಚರ್ಮದೊಳಗೆ ನಡೆಯುವುದೂ ಅದೇ.

ಆದ್ದರಿಂದ ಎಳೆಯಲು ಒಂದು, ಚುಚ್ಚಲು ಇನ್ನೊಂದು. ಎಳೆಯುವುದಕ್ಕೆ ಹಸಿರು ಬಣ್ಣದ ಹಬ್ (ಸೂಜಿಯ ಬುಡದ ಪ್ಲಾಸ್ಟಿಕ್ ಭಾಗ) ಇರುವ 21 ಗೇಜ್ ಸಾಕು. ಗುಲಾಬಿಯ 18 ಗೇಜ್ ಬೇಗ ಎಳೆಯುತ್ತದೆ ನಿಜ, ಆದರೆ 30 ಮಿ.ಲೀ. ವಯಲಿನ ಮುಚ್ಚಳವನ್ನು ಅದರಿಂದ ಪದೇ ಪದೇ ಚುಚ್ಚಿದರೆ ರಬ್ಬರಿನ ಚೂರು ಕತ್ತರಿಸಿ ಔಷಧಿಯೊಳಗೆ ಬೀಳುವುದುಂಟು. ವಯಲಿಗೆ ಪ್ರತಿ ಬಾರಿಯೂ ಹೊಸ ಸೂಜಿ ಮಾತ್ರವಲ್ಲ, ಹೊಸ ಸಿರಿಂಜೂ ಬೇಕು. ರೋಗಿಗೆ ಚುಚ್ಚಿದ ಸಿರಿಂಜಿಗೆ ಬೇರೆ ಸೂಜಿ ಸಿಕ್ಕಿಸಿ ಅದೇ ವಯಲಿಗೆ ಮತ್ತೆ ಹಾಕಿದರೆ, ಆ ವಯಲಿನಿಂದ ಮುಂದೆ ಔಷಧಿ ಪಡೆಯುವವರೆಲ್ಲರಿಗೂ ಮೊದಲ ರೋಗಿಯ ರಕ್ತದ ಸೋಂಕು ಹೋಗಬಹುದು. ವಯಲಿನಲ್ಲಿರುವ ಸಂರಕ್ಷಕವನ್ನು ನಂಬಿ ಈ ವಿಷಯದಲ್ಲಿ ಸಡಿಲ ಬಿಡಬಾರದು.

ಇನ್ನು ಚುಚ್ಚುವ ಸೂಜಿ. ಗೇಜಿನ ಅಂಕಿ ಏರಿದಂತೆ ಸೂಜಿ ಸಪುರವಾಗುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಹೊರವ್ಯಾಸದ ಲೆಕ್ಕದಲ್ಲಿ 24 ಗೇಜ್ 0.55 ಮಿ.ಮೀ., 26 ಗೇಜ್ 0.45 ಮಿ.ಮೀ., 27 ಗೇಜ್ 0.4 ಮಿ.ಮೀ., 30 ಗೇಜ್ 0.3 ಮಿ.ಮೀ. ಇರುತ್ತದೆ. ಹಬ್ಬಿನ ಬಣ್ಣಗಳು ಕ್ರಮವಾಗಿ ನೇರಳೆ, ಕಂದು, ಬೂದು ಮತ್ತು ಹಳದಿ. (ದಂತವೈದ್ಯರ ಸೂಜಿಗಳ ಬಣ್ಣದ ಕ್ರಮ ಇದಲ್ಲ, ಅಲ್ಲಿ ಬಣ್ಣ ನಂಬದೆ ಲೇಬಲ್ ಓದಿಯೇ ತೆಗೆದುಕೊಳ್ಳಬೇಕು.) ಚರ್ಮಕ್ಕೆ ಹಾಕುವ ಮೊದಲ ಚುಚ್ಚಿಗೆ 24 ಗೇಜ್ ದಪ್ಪವಾಯಿತು. ನಿಮ್ಮ ದಿನನಿತ್ಯದ ಕೆಲಸಕ್ಕೆ 26 ಗೇಜಿನ ಅರ್ಧ ಇಂಚು, ಅಂದರೆ 13 ಮಿ.ಮೀ. ಉದ್ದದ ಸೂಜಿ ಹೊಂದುತ್ತದೆ. ನೂರರ ಪೆಟ್ಟಿಗೆಯಾಗಿ ಎಲ್ಲ ಕಡೆಯೂ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಮಕ್ಕಳ ಮುಖ, ತುಟಿ, ಕಣ್ಣುರೆಪ್ಪೆಗಳಿಗಾಗಿ 30 ಗೇಜಿನದನ್ನು ಪ್ರತ್ಯೇಕವಾಗಿ ಒಂದು ಪೆಟ್ಟಿಗೆ ತರಿಸಿಡಿ.

ಹಾಗಾದರೆ ಎಲ್ಲದಕ್ಕೂ 30 ಗೇಜನ್ನೇ ಬಳಸಬಾರದೇಕೆ ಎಂದು ನೀವು ಕೇಳಬಹುದು. ಸೂಜಿಯ ಒಳಗಿನ ದಾರಿಯನ್ನು ಗಮನಿಸಿದರೆ ಉತ್ತರ ಸಿಗುತ್ತದೆ. 24 ಗೇಜಿನ ಒಳವ್ಯಾಸ ಸುಮಾರು 0.3 ಮಿ.ಮೀ., 30 ಗೇಜಿನದು ಸುಮಾರು 0.16 ಮಿ.ಮೀ., ಅಂದರೆ ಹೆಚ್ಚುಕಡಿಮೆ ಅರ್ಧ. ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ಉದ್ದವೂ ಒತ್ತಡವೂ ಒಂದೇ ಇದ್ದರೆ, 30 ಗೇಜಿನಲ್ಲಿ ಹರಿಯುವುದು ಹದಿನೈದನೆಯ ಒಂದು ಪಾಲು ಮಾತ್ರ. ಇದರಲ್ಲಿ ಒಂದು ಲಾಭವೂ ಇದೆ. ಮರಗಟ್ಟಿಸುವ ಔಷಧಿಯ ಉರಿ ಬಹುಮಟ್ಟಿಗೆ ಅದನ್ನು ನೂಕುವ ವೇಗಕ್ಕೆ ಸಂಬಂಧಿಸಿದ್ದು, ಸಪುರ ಸೂಜಿ ಅವಸರದ ಕೈಯನ್ನು ತಾನಾಗಿಯೇ ತಡೆಯುತ್ತದೆ. ಸಪುರ ಸೂಜಿಗೆ ಬಂದಿರುವ ಒಳ್ಳೆಯ ಹೆಸರಿನಲ್ಲಿ ಅರ್ಧ ಈ ನಿಧಾನಕ್ಕೆ ಸಲ್ಲಬೇಕಾದದ್ದೆಂದು ನನಗೆ ಅನಿಸುತ್ತದೆ. ಬಾಯಿಯೊಳಗಿನ ಚುಚ್ಚಿನಲ್ಲಿ 25, 27, 30 ಗೇಜುಗಳ ನಡುವಿನ ವ್ಯತ್ಯಾಸವನ್ನು ರೋಗಿಗಳು ಗುರುತಿಸಲಾರರೆಂದು ದಂತವೈದ್ಯಕೀಯದ ಅಧ್ಯಯನಗಳು ಬಹಳ ಹಿಂದೆಯೇ ತೋರಿಸಿವೆ. ಚರ್ಮದಲ್ಲಿ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಸಪುರ ಸೂಜಿಯ ದೋಷವಿರುವುದು ಅದು ಬಾಗುವುದರಲ್ಲಿ. ಚರ್ಮದಡಿಯಲ್ಲಿ ದಿಕ್ಕು ಬದಲಿಸಬೇಕಾದಾಗ ಸೂಜಿಯನ್ನು ಒಳಗಿಟ್ಟೇ ತಿರುಗಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. 24 ಗೇಜ್ ಅದನ್ನು ಸಹಿಸೀತು, 30 ಗೇಜ್ ಸಹಿಸದು. ಚರ್ಮದ ಕೆಳಗಿನ ಮಟ್ಟದವರೆಗೆ ಸೂಜಿಯನ್ನು ಹಿಂದೆ ತಂದು, ದಿಕ್ಕು ಬದಲಿಸಿ, ಮತ್ತೆ ಮುಂದೂಡಬೇಕು. ಯಾವ ಸೂಜಿಯನ್ನಾದರೂ ಹಬ್ಬಿನವರೆಗೆ ಪೂರ್ತಿ ಒಳನೂಕಬಾರದು, ಏಕೆಂದರೆ ಉಕ್ಕಿನ ಕೊಳವೆ ಪ್ಲಾಸ್ಟಿಕ್ಕನ್ನು ಸೇರುವ ಜಾಗವೇ ಅತ್ಯಂತ ದುರ್ಬಲವಾದದ್ದು. ಅಲ್ಲಿ ಮುರಿದ ತುಂಡು ಅಂಗಾಂಶದೊಳಗೆ ಸೇರಿಬಿಟ್ಟರೆ ಹಿಡಿದು ಎಳೆಯಲು ಹೊರಗೆ ಏನೂ ಉಳಿದಿರುವುದಿಲ್ಲ.

ಉದ್ದ ಸೂಜಿಯನ್ನು ಕಂಡರೆ ರೋಗಿಗಳು ಹೆದರುತ್ತಾರೆ, ಎಳೆಯ ವೈದ್ಯರೂ ಅಳುಕುತ್ತಾರೆ. ಆದರೆ ಒಂದೂವರೆ ಇಂಚಿನ, ಅಂದರೆ 38 ಮಿ.ಮೀ. ಉದ್ದದ 26 ಅಥವಾ 27 ಗೇಜ್ ಸೂಜಿ ಚುಚ್ಚುಗಳ ಸಂಖ್ಯೆಯನ್ನೇ ಇಳಿಸುತ್ತದೆ. ಬೆನ್ನಿನ ಮೇಲೆ ನಿಂಬೆಗಾತ್ರದ ಕುರು ಇದೆಯೆಂದುಕೊಳ್ಳಿ. ಕೀವು ತುಂಬಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಔಷಧಿ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಒತ್ತಡ ಹೆಚ್ಚಿ ನೋವು ಮಾತ್ರ ಏರುತ್ತದೆ. ಅದರ ಸುತ್ತಲಿನ ಒಳ್ಳೆಯ ಚರ್ಮದಲ್ಲಿ ಎದುರುಬದುರಾಗಿ ಎರಡು ಕಡೆ ಮಾತ್ರ ಚುಚ್ಚಿ, ಪ್ರತಿಯೊಂದರಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಉದ್ದ ಸೂಜಿಯನ್ನು ಹಾಯಿಸಿದರೆ ಕುರುವಿನ ಸುತ್ತ ನಾಲ್ಕು ಬದಿಯ ಬೇಲಿ ಹಾಕಿದಂತಾಗುತ್ತದೆ. ಅರ್ಧ ಇಂಚಿನ ಸೂಜಿಯಿಂದ ಅದನ್ನೇ ಮಾಡಹೊರಟರೆ ಎಂಟು ಹತ್ತು ಬಾರಿ ಚುಚ್ಚಬೇಕಾದೀತು. ತೆರೆದ ಗಾಯವಾದರೆ ಸುತ್ತಲಿನ ಗಟ್ಟಿ ಚರ್ಮಕ್ಕೆ ಚುಚ್ಚದೆ ಗಾಯದ ಒಳಅಂಚಿನಿಂದಲೇ ಸೂಜಿ ಹಾಯಿಸಿ. ಗಾಯ ತೀರಾ ಕೊಳೆಯಾಗಿಲ್ಲದಿದ್ದರೆ ಅದರಿಂದ ತೊಂದರೆಯಿಲ್ಲ, ನೋವು ಬಹಳ ಕಡಿಮೆ. ಬೆರಳಿನ ಬುಡದಲ್ಲಿ ನರಗಳನ್ನು ಮರಗಟ್ಟಿಸುವಾಗ 26 ಗೇಜಿನಲ್ಲಿ ಒಂದು ಇಂಚಿನ ಸೂಜಿ ಹಿತವಾದದ್ದು, ಪ್ರತಿ ಬದಿಗೆ 1ರಿಂದ 2 ಮಿ.ಲೀ. ಸಾಕು.

ಈಗ ಸಿರಿಂಜಿಗೆ ಬರೋಣ. ಗಾತ್ರವನ್ನು ಔಷಧಿಯ ಪ್ರಮಾಣ ನೋಡಿ ಮಾತ್ರ ಆರಿಸುವುದು ರೂಢಿ. ನಿಮ್ಮ ಹೆಬ್ಬೆರಳಿನ ಬಲ ಎಷ್ಟು ಒತ್ತಡವಾಗಿ ಮಾರ್ಪಡುತ್ತದೆ ಎಂಬುದನ್ನು ನಿರ್ಧರಿಸುವುದೂ ಅದೇ ಗಾತ್ರ. 2 ಮಿ.ಲೀ. ಸಿರಿಂಜಿನ ಒಳವ್ಯಾಸ ಸುಮಾರು 9 ಮಿ.ಮೀ., 10 ಮಿ.ಲೀ. ಸಿರಿಂಜಿನದು ಸುಮಾರು 15 ಮಿ.ಮೀ. ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚುಕಡಿಮೆ ಮೂರು ಪಟ್ಟಾಗುವುದರಿಂದ, ಅಷ್ಟೇ ಬಲದಿಂದ ಅದುಮಿದರೆ ಚಿಕ್ಕ ಸಿರಿಂಜಿನಲ್ಲಿ ಮೂರು ಪಟ್ಟು ಒತ್ತಡ ಹುಟ್ಟುತ್ತದೆ. 1 ಮಿ.ಲೀ. ಸಿರಿಂಜಿನಲ್ಲಿ ಅದು ಹತ್ತು ಪಟ್ಟಿನ ಹತ್ತಿರ ಹೋಗುತ್ತದೆ. ಅಂಗೈ, ಅಂಗಾಲು, ತಲೆಬುರುಡೆಯ ಚರ್ಮ, ಉಗುರಿನ ಸುತ್ತ, ಹೀಗೆ ಅಂಗಾಂಶ ಬಿಗಿಯಾಗಿರುವಲ್ಲಿ 10 ಮಿ.ಲೀ. ಸಿರಿಂಜ್ ಮುಂದೆ ಹೋಗುವುದೇ ಇಲ್ಲ. ಹೆಬ್ಬೆರಳು ನಡುಗುತ್ತದೆ, ಅದರೊಂದಿಗೆ ಸೂಜಿಯ ತುದಿಯೂ. ಅಲ್ಲಿಗೆ 2 ಅಥವಾ 3 ಮಿ.ಲೀ.ನದು ಬೇಕು. ಮುಂಗೈ, ತೊಡೆ, ಬೆನ್ನಿನ ಸಡಿಲ ಚರ್ಮಕ್ಕೆ 5 ಮಿ.ಲೀ. ಸರಿಯಾಗಿ ಕೈಗೆ ಕೂರುತ್ತದೆ. 10 ಮಿ.ಲೀ.ನದು ದೊಡ್ಡ ಗಾಯಗಳಿಗೆ ಮಾತ್ರ ಇರಲಿ. ಅದರ ಪ್ಲಂಜರನ್ನು ಪೂರ್ತಿ ಹಿಂದೆಳೆದಾಗ ಸಣ್ಣ ಕೈಯವರ ಹೆಬ್ಬೆರಳು ಎಟುಕುವುದೇ ಕಷ್ಟ.

ಒತ್ತಡ ಹೆಚ್ಚಿದಷ್ಟೂ ಸಿರಿಂಜಿಗೂ ಸೂಜಿಗೂ ಇರುವ ಕೂಡಿಕೆ ಮುಖ್ಯವಾಗುತ್ತದೆ. ಬರಿದೇ ಸಿಕ್ಕಿಸುವ ತುದಿಗೆ ಲೂಯರ್ ಸ್ಲಿಪ್ ಎನ್ನುತ್ತಾರೆ, ತಿರುಗಿಸಿ ಬಿಗಿಯುವುದು ಲೂಯರ್ ಲಾಕ್. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅಡಿಕೆ ತೋಟದ ಕೆಲಸದವರೊಬ್ಬರು ಅಂಗಾಲಿಗೆ ಮುಳ್ಳು ಹೊಕ್ಕಿಸಿಕೊಂಡು ಬಂದಿದ್ದರು. ಚಪ್ಪಲಿಯಿಲ್ಲದೆ ನಡೆದು ಹಲಗೆಯಂತಾಗಿದ್ದ ಚರ್ಮ ಅದು. ಸಿಕ್ಕಿಸುವ ತುದಿಯ 2 ಮಿ.ಲೀ. ಸಿರಿಂಜಿಗೆ 26 ಗೇಜ್ ಸೂಜಿ ಹಾಕಿ ಜೋರಾಗಿ ಒತ್ತಿದೆ. ಸೂಜಿ ಅಂಗಾಲಿನಲ್ಲಿಯೇ ಉಳಿಯಿತು, ಸಿರಿಂಜ್ ಕಳಚಿಕೊಂಡು ಲಿಗ್ನೊಕೇನ್ ಪಿಚಕಾರಿಯಂತೆ ಚಿಮ್ಮಿ ನನ್ನ ಎಡಗಣ್ಣಿಗೆ ಹೊಡೆಯಿತು. ಕಣ್ಣು ತೊಳೆದುಕೊಂಡು ಬರುವಷ್ಟರಲ್ಲಿ ಅದು ಮರಗಟ್ಟಿತ್ತು, ಅಂಗಾಲು ಮಾತ್ರ ಹಾಗೆಯೇ ಇತ್ತು. "ಡಾಕ್ಟ್ರೇ, ಮದ್ದು ನಿಮಗೇ ತಾಗಿತಲ್ಲ" ಎಂದು ಅವರು ನಕ್ಕದ್ದು ಇಂದಿಗೂ ನೆನಪಿದೆ. ಸೂಜಿಯ ಮೂಲಕ ರಕ್ತ ಹಿಂದಕ್ಕೆ ಬಂದಿದ್ದ ಸಿರಿಂಜಾಗಿದ್ದರೆ ನಗುವ ಮಾತಾಗಿರುತ್ತಿರಲಿಲ್ಲ. ಮರಗಟ್ಟಿಸುವ ಕೆಲಸಕ್ಕೆ ಲೂಯರ್ ಲಾಕ್ ಸಿರಿಂಜನ್ನೇ ತರಿಸಿಡಿ ಎನ್ನುವುದು ಅದಕ್ಕಾಗಿಯೇ. ಬೆಲೆಯಲ್ಲಿ ಅಲ್ಪ ಹೆಚ್ಚಳವಿದ್ದರೆ ಅದು ಕನ್ನಡಕದ ಬೆಲೆಗಿಂತ ಕಡಿಮೆ (ಕನ್ನಡಕವನ್ನೂ ಹಾಕಿಕೊಳ್ಳಿ).

ಅಂದಹಾಗೆ, ಅಂಗಾಲಿನ ಗಾಯಕ್ಕೆ ಅಂಗಾಲಿಗೇ ಚುಚ್ಚಬೇಕೆಂದಿಲ್ಲ. ಕಾಲಿನ ಒಳಬದಿಯ ಹರಡಿನ ಮೂಳೆಯ ಹಿಂದೆ ಮಿಡಿಯುವ ಅಪಧಮನಿಯನ್ನು ಬೆರಳಿನಿಂದ ಗುರುತಿಸಿ, ಅದರ ತುಸು ಹಿಂಬದಿಯಲ್ಲಿ ಹಾಯುವ ಟಿಬಿಯಲ್ ನರದ ಬಳಿ ಉದ್ದ ಸೂಜಿಯಿಂದ 3ರಿಂದ 5 ಮಿ.ಲೀ. ಕೊಟ್ಟರೆ ಅಂಗಾಲಿನ ಬಹುಭಾಗ ಮರಗಟ್ಟುತ್ತದೆ. ಹತ್ತು ಹದಿನೈದು ನಿಮಿಷ ಕಾಯುವ ತಾಳ್ಮೆ ಬೇಕು. ಇದನ್ನು ಪುಸ್ತಕ ನೋಡಿ ಕಲಿಯಬೇಡಿ, ಬಲ್ಲವರ ಜೊತೆ ನಾಲ್ಕಾರು ಬಾರಿ ನಿಂತು ಕಲಿಯಿರಿ.

ಇಂಥ ಕಡೆ ಪ್ಲಂಜರನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತದೆಯೇ ಎಂದು ನೋಡುವುದು ಕಡ್ಡಾಯ. 26 ಗೇಜಿನಲ್ಲಿ ರಕ್ತ ಬರುವುದಿಲ್ಲವೆಂಬ ಮಾತು ನಿಜವಲ್ಲ. ಬರುತ್ತದೆ, ನಿಧಾನವಾಗಿ ಬರುತ್ತದೆ. ರಭಸದಿಂದ ಎಳೆದರೆ ರಕ್ತನಾಳದ ಗೋಡೆಯೇ ಸೂಜಿಯ ಬಾಯಿಗೆ ಅಂಟಿಕೊಂಡು ಏನೂ ಬಾರದಂತೆ ತೋರುತ್ತದೆ. ಮೆಲ್ಲನೆ ಎಳೆದು ಎರಡು ಮೂರು ಸೆಕೆಂಡು ತಡೆಯಿರಿ, ಸೂಜಿಯನ್ನು ತುಸು ಹೊರಳಿಸಿ ಇನ್ನೊಮ್ಮೆ ಎಳೆಯಿರಿ. ಸಡಿಲವಾಗಿ ಸಿಕ್ಕಿಸಿದ ಸೂಜಿಯಾದರೆ ರಕ್ತದ ಬದಲು ಕೂಡಿಕೆಯಿಂದ ಗಾಳಿ ಬರುತ್ತದೆ, ಲಾಕ್ ಇರುವ ಸಿರಿಂಜಿನ ಪರವಾಗಿ ಇದು ಇನ್ನೊಂದು ಕಾರಣ. ಚರ್ಮದಡಿಯಲ್ಲಿ ಸೂಜಿಯನ್ನು ಹಿಂದೆ ಸರಿಸುತ್ತಲೇ ಔಷಧಿ ಬಿಡುವಾಗ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ರಕ್ತ ಬಾರದಿದ್ದರೂ ಅದು ಪೂರ್ಣ ಭರವಸೆಯಲ್ಲವಾದ್ದರಿಂದ, 2–3 ಮಿ.ಲೀ. ಕೊಟ್ಟು ನಿಲ್ಲಿಸಿ ರೋಗಿಯನ್ನು ಮಾತಾಡಿಸಿ. ಕಿವಿ ಗುಂಯ್ ಎನ್ನುತ್ತದೆ, ತುಟಿ ಜುಮುಜುಮು ಎನ್ನುತ್ತದೆ, ಬಾಯಿಯಲ್ಲಿ ಕಬ್ಬಿಣದ ರುಚಿ ಎಂದು ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೂ ನಿಮಗೆ ಅರ್ಥವಾಗಬೇಕು (ಔಷಧಿ ರಕ್ತಕ್ಕೆ ಸೇರಿದ್ದರ ಸೂಚನೆ ಅದು), ಅರ್ಥವಾದ ಕ್ಷಣವೇ ಪ್ಲಂಜರಿನಿಂದ ಹೆಬ್ಬೆರಳು ತೆಗೆಯಬೇಕು.

ಸಿರಿಂಜಿನ ಗಾತ್ರಕ್ಕೆ ಔಷಧಿಯ ಗರಿಷ್ಠ ಮಿತಿಯೊಂದಿಗೂ ನಂಟಿದೆ. ಅಡ್ರಿನಲಿನ್ (ರಕ್ತನಾಳಗಳನ್ನು ಕುಗ್ಗಿಸಲು ಬೆರೆಸುವ ಔಷಧಿ) ಇಲ್ಲದ ಲಿಗ್ನೊಕೇನಿಗೆ ಕಿಲೋ ತೂಕಕ್ಕೆ 4.5 ಮಿ.ಗ್ರಾಂ., ಇರುವುದಕ್ಕೆ 7 ಮಿ.ಗ್ರಾಂ. ಎಂಬುದು ಸಾಮಾನ್ಯವಾಗಿ ಹೇಳುವ ಮೇಲ್ಮಿತಿ. 50 ಕಿಲೋ ತೂಕದವರಿಗೆ ಅಡ್ರಿನಲಿನ್ ಇಲ್ಲದ್ದು 225 ಮಿ.ಗ್ರಾಂ. ಆಯಿತು, ಶೇಕಡ 2ರ ದ್ರಾವಣದಲ್ಲಿ ಅದು 11 ಮಿ.ಲೀ. ಚಿಲ್ಲರೆ ಮಾತ್ರ. 2 ಮಿ.ಲೀ. ಸಿರಿಂಜನ್ನು ಮತ್ತೆ ಮತ್ತೆ ತುಂಬಿಸುತ್ತಾ ಹೋದರೆ ಐದನೆಯದೋ ಏಳನೆಯದೋ ಎಂಬ ಲೆಕ್ಕ ಗಾಯದ ಗಡಿಬಿಡಿಯಲ್ಲಿ ತಪ್ಪುತ್ತದೆ. ದೊಡ್ಡ ಗಾಯವಾದರೆ ಆ ರೋಗಿಗೆ ಸಲ್ಲುವ ಪೂರ್ತಿ ಪ್ರಮಾಣವನ್ನು ಮೊದಲೇ ಹೊಸ ಸಿರಿಂಜ್‌ಗಳಿಗೆ ಎಳೆದು, ಪ್ರತಿಯೊಂದಕ್ಕೂ ಔಷಧಿಯ ಹೆಸರು ಬರೆದ ಪಟ್ಟಿ ಅಂಟಿಸಿ ಟ್ರೇಯಲ್ಲಿಟ್ಟು, ವಯಲನ್ನು ಮೇಜಿನಿಂದಲೇ ತೆಗೆದುಬಿಡಿ. ನೀರಿನಷ್ಟೇ ತಿಳಿಯಾದ ಬೇರೆ ಔಷಧಿಗಳೂ ಅದೇ ಟ್ರೇಯಲ್ಲಿರುತ್ತವೆ. ಹೆಚ್ಚು ವಿಸ್ತಾರ ಬೇಕಾದರೆ ಸಮಪಾಲು ಸಲೈನ್ ಸೇರಿಸಿ ಶೇಕಡ 1 ಮಾಡಿಕೊಂಡರೂ ಹೊಲಿಗೆಗೆ ಧಾರಾಳ ಸಾಕು.

ಇನ್ಸುಲಿನ್ ಸಿರಿಂಜಿನ ಮಾತು. ನಿಮ್ಮ ಹಿರಿಯರ ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ. ಮಗುವಿನ ಹಣೆಯ ಸಣ್ಣ ಗಾಯಕ್ಕೆ, ಚರ್ಮದಲ್ಲಿ ಔಷಧಿಯ ಮೊದಲ ಗುಳ್ಳೆ ಎಬ್ಬಿಸುವುದಕ್ಕೆ ಅದು ಸೊಗಸಾದ ಸಾಧನ. ಆದರೆ ಹೆಚ್ಚಿನವುಗಳಲ್ಲಿ ಸೂಜಿ ಬೇರ್ಪಡುವುದಿಲ್ಲ, ಆದ್ದರಿಂದ ರಬ್ಬರ್ ತೂರಿ ಮೊಂಡಾದ ಮೊನೆಯಿಂದಲೇ ಚುಚ್ಚಬೇಕಾಗುತ್ತದೆ. ಸೂಜಿಯ ಉದ್ದ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಅಷ್ಟೇ. ಇದಕ್ಕಿಂತ ದೊಡ್ಡ ಅಪಾಯ ಅದರ ಮೇಲಿನ ಗೆರೆಗಳಲ್ಲಿದೆ. ಅವು ಮಿ.ಲೀ. ಅಲ್ಲ, ಯೂನಿಟ್. 40 ಯೂನಿಟ್‌ನ ಸಿರಿಂಜಿನಲ್ಲಿ 20ರ ಗೆರೆಯೆಂದರೆ ಅರ್ಧ ಮಿ.ಲೀ., 100 ಯೂನಿಟ್‌ನದರಲ್ಲಿ ಅದೇ ಗೆರೆ 0.2 ಮಿ.ಲೀ. ಎರಡೂ ನಮ್ಮ ಅಂಗಡಿಗಳಲ್ಲಿ ಒಂದೇ ಕಪಾಟಿನಲ್ಲಿರುತ್ತವೆ.

ಕಾರ್ಟ್ರಿಜ್ ಸಿರಿಂಜ್ ದಂತವೈದ್ಯರ ಕೆಲಸಕ್ಕೆಂದೇ ರೂಪುಗೊಂಡದ್ದು. 1.8 ಮಿ.ಲೀ. ಔಷಧಿಯ ಮೊಹರಾದ ನಳಿಗೆಯನ್ನು ಲೋಹದ ಹಿಡಿಕೆಯಲ್ಲಿಟ್ಟು, ಎರಡೂ ಕಡೆ ಮೊನೆಯಿರುವ ಸೂಜಿಯನ್ನು ತಿರುಪಿ ಬಳಸುತ್ತಾರೆ. ಹೆಬ್ಬೆರಳಿಗೆ ಉಂಗುರವಿದ್ದು, ಒಳಗಿನ ಕೊಕ್ಕೆ ರಬ್ಬರ್ ಬಿರಡೆಯನ್ನು ಹಿಡಿಯುವುದರಿಂದ ಒಂದೇ ಕೈಯಲ್ಲಿ ಹಿಂದೆಳೆದು ನೋಡಲು ಅನುಕೂಲ. ಆದರೆ ಅದರಲ್ಲಿ ಸಾಮಾನ್ಯವಾಗಿ ಬರುವುದು ಶೇಕಡ 2ರ ಲಿಗ್ನೊಕೇನ್, ಜೊತೆಗೆ 1:80,000 ಅಡ್ರಿನಲಿನ್. ನಿಮ್ಮಲ್ಲಿಗೆ ಬರುವ ಬೆರಳು, ಕುರು, ಗಾಯಗಳಿಗೆಲ್ಲ ಆ ಒಂದೇ ಮಿಶ್ರಣ ಹೊಂದುವುದಿಲ್ಲ, ಬಳಸಿದ ಮೇಲೆ ಹಿಡಿಕೆಯನ್ನು ಆಟೋಕ್ಲೇವ್ ಮಾಡುವ (ಒತ್ತಡದ ಹಬೆಯಲ್ಲಿ ಸೋಂಕು ಕಳೆಯುವ) ಕೆಲಸವೂ ಸೇರುತ್ತದೆ. ನೀವು ಅದನ್ನು ಕೊಳ್ಳುವುದು ಬೇಡ. ನಿಮ್ಮ ಗೆಳೆಯನಿಗೆ ಮಾತ್ರ ಒಂದು ಮಾತು ತಲುಪಿಸಿ: ಕೆಳದವಡೆಯ ನರವನ್ನು ಮರಗಟ್ಟಿಸುವ ಚುಚ್ಚಿಗೆ ಸೂಜಿ 20–25 ಮಿ.ಮೀ. ಆಳಕ್ಕೆ ಹೋಗಬೇಕು, ಅದಕ್ಕೆ 25 ಅಥವಾ 27 ಗೇಜಿನ ಉದ್ದ ಸೂಜಿಯೇ ಸರಿ. ಅಲ್ಲಿ ಮುರಿದು ಉಳಿದ ಸೂಜಿಗಳ ವರದಿಗಳಲ್ಲಿ ಬಹುಪಾಲು 30 ಗೇಜಿನವು.

ಔಷಧಿಯ ಉಷ್ಣತೆಯ ಬಗ್ಗೆಯೂ ಒಂದು ಮಾತು. ಏಪ್ರಿಲ್, ಮೇ ತಿಂಗಳ ಸೆಕೆಗೆ ಹೆದರಿ ನಮ್ಮ ಕಡೆ ಎಲ್ಲ ವಯಲುಗಳನ್ನೂ ಫ್ರಿಜ್ಜಿನಲ್ಲಿಡುತ್ತಾರೆ. ಅಲ್ಲಿಂದ ನೇರವಾಗಿ ತೆಗೆದು ಚುಚ್ಚಿದ ತಣ್ಣನೆಯ ಲಿಗ್ನೊಕೇನ್ ಎಂಥ ಸಪುರ ಸೂಜಿಯಲ್ಲೂ ಉರಿಯುತ್ತದೆ. ತುಂಬಿದ ಸಿರಿಂಜನ್ನು ಮುಷ್ಟಿಯೊಳಗೆ ಸ್ವಲ್ಪ ಹೊತ್ತು ಹಿಡಿದು ತಣಿಪು ಹೋಗಲಾಡಿಸಿ ಕೊಡಿ. ಸೋಡಿಯಂ ಬೈಕಾರ್ಬನೇಟ್ ಸೇರಿಸಿದರೆ ಉರಿ ಕಡಿಮೆಯಾಗುತ್ತದೆಂಬುದೂ ದೃಢಪಟ್ಟಿದೆ, ಆದರೆ ಬೆರೆಸಿದ್ದನ್ನು ಇಟ್ಟುಕೊಳ್ಳದೆ ಆಗಲೇ ಬಳಸಬೇಕು.

ಕೊಳ್ಳುವಾಗ ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ತಯಾರಕರ ಪರವಾನಗಿ ಸಂಖ್ಯೆ ಇವೆಯೇ ನೋಡಿ. ಮಂಗಳೂರಿನಿಂದ ತರಿಸಿದರೂ ಕಾಸರಗೋಡಿನಲ್ಲೇ ಕೊಂಡರೂ ವರ್ಷಕ್ಕಾಗುವಷ್ಟನ್ನು ಒಟ್ಟಿಗೆ ತುಂಬಿಡಬೇಡಿ. ಸಿರಿಂಜಿನ ಪೊಟ್ಟಣಕ್ಕೆ ಒಂದು ಬದಿ ಪ್ಲಾಸ್ಟಿಕ್, ಇನ್ನೊಂದು ಬದಿ ಕಾಗದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳೇ ಬೆವರುವಾಗ ಗೋಡೆಗೆ ತಾಗಿಸಿಟ್ಟ ಪೆಟ್ಟಿಗೆಯಲ್ಲಿ ಆ ಕಾಗದ ತೇವ ಹೀರುತ್ತದೆ. ಒದ್ದೆಯಾದ ಕಾಗದ ಸೂಕ್ಷ್ಮಜೀವಿಗಳನ್ನು ತಡೆಯಲಾರದು, ಒಣಗಿದ ಮೇಲೆ ಉಳಿಯುವ ಸುಕ್ಕು ಮತ್ತು ಹಳದಿ ಕಲೆಯೇ ಅದರ ಗುರುತು. ಅಂಥದ್ದನ್ನು ಎಸೆದುಬಿಡಿ. ಲಸಿಕೆಗೆಂದು ಬರುವ, ಒಮ್ಮೆ ಒತ್ತಿದರೆ ಮತ್ತೆ ಎಳೆಯಲಾಗದ 0.5 ಮಿ.ಲೀ. ಸಿರಿಂಜ್‌ಗಳು ಈ ಕೆಲಸಕ್ಕಲ್ಲ.

ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ನಡುವೆ ಕೆಳಗಿಡಲೇಬೇಕಾದರೆ ಮುಚ್ಚಳವನ್ನು ಟ್ರೇಯಲ್ಲಿ ಮಲಗಿಸಿ ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಿಕೊಳ್ಳಿ. ಲಾಕ್ ಸಿರಿಂಜಿನ ಸೂಜಿಯನ್ನು ಬೆರಳಿನಿಂದ ತಿರುಗಿಸಿ ಬಿಡಿಸುವುದು ಅಪಾಯ, ಹಬ್ ಕಟ್ಟರ್ ಇಟ್ಟುಕೊಳ್ಳಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಸೂಜಿ ತೆಗೆದ ಸಿರಿಂಜ್‌ಗಳು ಕೆಂಪು ಚೀಲಕ್ಕೆ ಹೋಗಬೇಕು.

ಕೊನೆಗೆ ನಿಮ್ಮ ದೊಡ್ಡಪ್ಪನ ಗಾಜಿನ ಸಿರಿಂಜ್‌ಗಳು. ರೋಗಿಗಳ ಮೇಲೆ ಬಳಸಬೇಡಿ. ಅಂದಿನ ಸ್ಟೀಲ್ ಪೆಟ್ಟಿಗೆಯಲ್ಲಿ ನೀರು ಕುದಿಸಿದರೆ ಬ್ಯಾಕ್ಟೀರಿಯಾಗಳ ಬೀಜಕಣಗಳು ಸಾಯುವುದಿಲ್ಲ, ಮರುಬಳಕೆಯ ಸೂಜಿಯನ್ನು ಕಲ್ಲಿನ ಮೇಲೆ ಮಸೆದು ಹರಿತ ಮಾಡುತ್ತಿದ್ದ ಕಾಲವೂ ಹೋಯಿತು. ಗಾಜಿನ ಪ್ಲಂಜರ್ ತಡೆಯಿಲ್ಲದೆ ಜಾರುತ್ತದೆಂಬ ಗುಣಕ್ಕಾಗಿ ಅರಿವಳಿಕೆ ತಜ್ಞರು ಬೆನ್ನಿನ ಎಪಿಡ್ಯೂರಲ್ ಜಾಗವನ್ನು (ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗ) ಗುರುತಿಸಲು ಅಂಥದ್ದನ್ನು ಬಳಸಿಕೊಂಡು ಬಂದಿದ್ದಾರೆ, ಅದು ನಿಮ್ಮ ಕ್ಲಿನಿಕ್ಕಿನ ಕೆಲಸವಲ್ಲ. ಆದರೂ ಅವನ್ನು ಎಸೆಯಬೇಡಿ. ಒಮ್ಮೆ ಬೆಳಕಿಗೆ ಹಿಡಿದು ನೋಡಿ: ನಳಿಗೆಯ ಮೇಲೂ ಪ್ಲಂಜರಿನ ಮೇಲೂ ಒಂದೇ ಅಂಕಿಯನ್ನು ಕೊರೆದಿದ್ದರೆ ಅವು ಕಾರ್ಖಾನೆಯಲ್ಲಿ ಒಂದಕ್ಕೊಂದು ಅರೆದು ಹೊಂದಿಸಿದ ಜೋಡಿ, ತೊಳೆಯುವಾಗ ಅದಲುಬದಲಾಗದಂತೆ ನೋಡಿಕೊಳ್ಳುವುದೇ ಅಂದಿನ ಕಾಂಪೌಂಡರಿನ ಕೆಲಸಗಳಲ್ಲಿ ಒಂದಾಗಿತ್ತು.